ಹದಿನೆಂಟು ಗೇರಿನ ಸೈಕಲ್ಲು

ಅಕ್ಟೋಬರ್ 13, ಸೋಮವಾರ

ಇವತ್ತು ನಲವತ್ತೊಂದು ಮನೆಯ ಹಾಲು. ಡಿಗ್ರಿ ನೋಡಿ, ಫ್ಯಾಟ್ ನೋಡಿ, ಪುಸ್ತಕಕ್ಕೆ ಬರೆದು ಮುಗಿಸೋ ಹೊತ್ತಿಗೆ ಏಳೂ ಕಾಲು. ಹಾಲಿನ ಗಾಡಿ ಆಗಲೇ ಹಾರನ್ ಹೊಡೀತಿತ್ತು. ಒಂದು ಕ್ಯಾನಿಗೆ ನೀರು ಬೆರೆತಿತ್ತು. ಯಾರದ್ದು ಅಂತ ಇಲ್ಲೂ ಬರೆಯಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. ನಾಳೆಯಿಂದ ಸರಿಹೋಗುತ್ತೆ.

ಮಹಿಳಾ ಹಾಲಿನ ಸಂಘದಲ್ಲಿ ಟೆಸ್ಟರ್ ಆಗಿ ಇವತ್ತಿಗೆ ಎಂಟು ದಿನ. ಜನವರಿ ಕೊನೆವರೆಗೂ ತಾತ್ಕಾಲಿಕ. ಕಾಯಂ ಮಾಡೋದು, ಬಿಡೋದು ಅಧ್ಯಕ್ಷೆ ವೆಂಕಟಲಕ್ಷ್ಮಮ್ಮನವರ ಕೈಲಿ. ಮೊದಲ ದಿನವೇ ಹೇಳಿದ್ದಾರೆ.

"ಆರು ಗಂಟೆ ಅಂದ್ರೆ ಆರು ಗಂಟೆ ಕಣಮ್ಮ. ಮೂರು ಸಲ ತಡ ಆಯ್ತೋ, ಎದುರು ಮನೆ ಶಿಲ್ಪಾನ ಕರೀತೀನಿ. ಅವ್ಳೂ ಟ್ರೈನಿಂಗ್ ಮಾಡ್ಕೊಂಡು ಕೂತವ್ಳೆ."

ನಲವತ್ತೊಂದನೇ ವಯಸ್ಸಿಗೆ ಸಿಕ್ಕ ಮೊದಲ ಕೆಲಸ. ಯಾರನ್ನೂ ಕರೆಯೋಕೆ ಬಿಡಲ್ಲ.

ಅಕ್ಟೋಬರ್ 16, ಗುರುವಾರ

ಎಡವಟ್ಟಾಯ್ತು. ನನ್ನ ಗಂಡ ಚನ್ನೇಶ್‌ಗೆ ನವೆಂಬರ್ ಒಂದರಿಂದ ನೈಟ್ ಶಿಫ್ಟ್. ಹಾಸನದ ಫ್ಯಾಕ್ಟರಿಯಿಂದ ಬೈಕಲ್ಲಿ ಮನೆ ಸೇರೋದೇ ಏಳೂವರೆಗೆ. ಇಲ್ಲಿವರೆಗೂ ದಿನಾ ಬೆಳಿಗ್ಗೆ ಐದೂವರೆಗೆ ನನ್ನ ಸಂಘಕ್ಕೆ ಬಿಟ್ಟು ಬರ್ತಿದ್ದರು. ಇನ್ನು ಯಾರು? ನಮ್ಮೂರಿಂದ ಸಂಘ ಇರೋ ಹಗರೆ ಕಡೆಗೆ ಮೊದಲ ಬಸ್ಸು ಆರೂ ಮುಕ್ಕಾಲಿಗೆ. ಆರು ಕಿಲೋಮೀಟರ್ ದಾರಿ.

"ಬಿಟ್ಬಿಡು ಅತ್ಲಾಗೆ. ಮನೇಲಿ ಏನ್ ಕಮ್ಮಿ ಆಗೈತೆ?" ಅಂದರು. ಎಷ್ಟು ಸುಲಭವಾಗಿ ಅಂದರು! ಸೀದಿದ್ದ ರೊಟ್ಟಿ ಆರಿಸಿ ಅವರ ತಟ್ಟೆಗೆ ಹಾಕಿದೆ.

ಅಕ್ಟೋಬರ್ 19, ಭಾನುವಾರ

ಹಾಲು ಮುಗಿಸಿ ತವರೂರು ಗಂಡಸಿಗೆ ಹೋಗಿದ್ದೆ. ನೆನಪಿದ್ದದ್ದು ಸುಳ್ಳಾಗಲಿಲ್ಲ. ಕೊಬ್ಬರಿ ಅಟ್ಟದ ಕೆಳಗೆ, ಗೋಣಿಚೀಲದ ರಾಶಿ ಹಿಂದೆ — ಇತ್ತು. ಅಣ್ಣ ಇಂದ್ರೇಶನ ಗೇರ್ ಸೈಕಲ್ಲು.

ತೊಂಬತ್ತೇಳರಲ್ಲಿ ಅಪ್ಪ ಅಣ್ಣನ ಕಾಲೇಜಿಗೆ ಅಂತ ತಂದಿದ್ದು. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು, ಹದಿನೆಂಟು ಗೇರು. ಬೆಟ್ಟ ಹತ್ತೋ ಸೈಕಲ್ಲು ಅಂತ ಅಂಗಡಿಯವನು ಹೇಳಿದ್ದನಂತೆ. ಬೆಟ್ಟ ಯಾರೂ ಹತ್ತಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದ ನಾನು ಮಾತ್ರ ಮಧ್ಯಾಹ್ನ ಎಲ್ಲರೂ ಮಲಗಿದಾಗ ತೋಟದಲ್ಲಿ ಕದ್ದು ಕಲಿತೆ. ತೆಂಗಿನ ಮರಕ್ಕೆ ಗುದ್ದಿದ ಗುರುತು ಮೊಣಕಾಲಿನ ಕೆಳಗೆ ಇನ್ನೂ ಇದೆ.

ಈಗ ನೋಡೋ ಹಾಗಿಲ್ಲ. ಟೈರು ಬಿರಿದಿದೆ. ಚೈನು ತುಕ್ಕು ಹಿಡಿದು ಒಂದೇ ಕೋಲಾಗಿದೆ. ಸೀಟಿನೊಳಗೆ ಇಲಿ ಸಂಸಾರ ಮಾಡಿ ಹೋಗಿದೆ. ಆದರೆ ಬಟ್ಟೆ ತಗೊಂಡು ಒಂದು ಕಡೆ ಉಜ್ಜಿದೆ — ಒಳಗೆ ಅದೇ ಕೆಂಪು.

"ಅದನ್ನೇನ್ ಮಾಡ್ತೀಯೇ? ಗುಜರಿಯೋನೂ ಮುಟ್ಟಲ್ಲ," ಅಂದ ಅಣ್ಣ.

"ನಾನ್ ಮುಟ್ತೀನಿ. ಕೊಡ್ತೀಯೋ ಇಲ್ವೋ?"

ನಗ್ತಾ ನಗ್ತಾ ಹಿಂಡಿ ತರೋ ಟೆಂಪೋ ಮೇಲೆ ಹಾಕಿಸಿದ.

ಅಕ್ಟೋಬರ್ 21, ಮಂಗಳವಾರ

ಅಂಗಳದಲ್ಲಿ ಸೈಕಲ್ಲು ತಲೆಕೆಳಗೆ ಮಾಡಿ ಕೂತೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ದೇವರ ಪಾತ್ರೆ ತಿಕ್ಕೋ ಹಾಗೆ ರಿಮ್ಮು ತಿಕ್ಕಿದೆ. ಮೂರು ಗಂಟೆ. ಬೆರಳು ಸುಲಿದು ಹೋಗಿದೆ, ಪೆನ್ನು ಹಿಡಿಯೋಕೂ ಉರಿ.

ಅತ್ತೆ ಮಹದೇವಮ್ಮ ಪೂಜೆ ಮುಗಿಸಿ ಬಂದು ಜಗಲಿ ಮೇಲಿಂದ ನೋಡಿದರು.

"ಇದೇನೇ ಪ್ರತಿಮಾ, ಹಬ್ಬದ ದಿನ ಗುಜರಿ ಹರವ್ಕೊಂಡಿದೀಯ?"

"ಸಂಘಕ್ಕೆ ತುಳ್ಕೊಂಡು ಹೋಗ್ತೀನಿ ಅತ್ತೆ."

"ಗಂಡಸ್ರ ಸೈಕಲ್ಲಾ? ನಡುವೆ ಕಂಬಿ ಐತಲ್ಲೇ!"

"ಚೂಡಿದಾರ ಹಾಕ್ಕೋತೀನಿ."

ಅವರು ಸೆರಗು ಕೊಡವಿ ಒಳಗೆ ಹೋದರು. ಈ ಮನೆಯಲ್ಲಿ ಇದು ಜಗಳದ ಮೊದಲನೇ ಮೆಟ್ಟಿಲು.

ಅಕ್ಟೋಬರ್ 24, ಶುಕ್ರವಾರ

ಹಳೇಬೀಡಿನ ಮಹಾಂತೇಶಣ್ಣನ ಸೈಕಲ್ ಶಾಪಿಗೆ ತಳ್ಕೊಂಡು ಹೋದೆ. ಅರವತ್ತು ದಾಟಿದ ಮನುಷ್ಯ. ಕನ್ನಡಕ ಏರಿಸಿ ಸೈಕಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಫ್ರೇಮು ಗಟ್ಟಿ ಐತೆ ತಾಯಿ. ಈಗ ಇಂಥ ಕಬ್ಬಿಣ ಹಾಕಲ್ಲ. ಮಿಕ್ಕಿದ್ದೆಲ್ಲ ಕೈ ಮುಗಿಯೋದೇ."

"ನಾನೂ ಕೈ ಹಾಕ್ತೀನಿ. ಕಲಿಸಿ."

ಮುಖ ನೋಡಿದರು. ಆಮೇಲೆ ಸ್ಪ್ಯಾನರ್ ಕೊಟ್ಟರು.

ಅಕ್ಟೋಬರ್ 31, ಶುಕ್ರವಾರ

ವಾರ ಪೂರ್ತಿ ಮಧ್ಯಾಹ್ನ ಶಾಪಿನಲ್ಲೇ. ಹೊಸ ಟೈರು ಟ್ಯೂಬು, ಚೈನು, ಬ್ರೇಕಿನ ವೈರು. ಮುರಿದ ಕಡ್ಡಿ ಏಳು ಬದಲಾಯಿಸಿದ್ದು. ಬೇರಿಂಗಿನ ಗುಂಡು ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದಾಗಿ ಕೂರಿಸಿದೆ. ಗೇರು ಹದಿನೆಂಟರಲ್ಲಿ ಕೆಲಸ ಮಾಡೋದು ಮೂರು. ಸಾಕು. ನನಗೂ ಎಲ್ಲಾ ಕೆಲಸ ಬರುತ್ತಾ?

ಹಿಂದಿನ ಚಕ್ರದ ಮಧ್ಯೆ ಇರೋ ಫ್ರೀವೀಲು ಬಿಚ್ಚಿ ತೋರಿಸಿದರು. ಒಳಗೆ ಎರಡು ಚಿಕ್ಕ ಹಲ್ಲು, ಕೂದಲಿನಷ್ಟು ಸಣ್ಣ ಸ್ಪ್ರಿಂಗು. ಪೆಡಲ್ ತುಳಿದರೆ ಹಲ್ಲು ಎದ್ದು ಕಚ್ಚಿಕೊಳ್ಳುತ್ತೆ, ಚಕ್ರ ತಿರುಗುತ್ತೆ. ತುಳಿಯೋದು ಬಿಟ್ಟರೆ ಟಿಕ್ ಟಿಕ್ ಅಂತ ಜಾರುತ್ತೆ. ಹಲ್ಲು ಏಳದಿದ್ದರೆ ಎಷ್ಟು ತುಳಿದರೂ ಸೈಕಲ್ಲು ನಿಂತಲ್ಲೇ. ಇಡೀ ಸೈಕಲ್ಲಿನ ಜೀವ ಆ ಉಗುರಿನಷ್ಟು ಹಲ್ಲಿನಲ್ಲಿ.

ಮಡ್‌ಗಾರ್ಡು, ಕ್ಯಾರಿಯರ್ ಕೂತಿದೆ. ಹ್ಯಾಂಡಲ್ಲಿಗೆ ಹಳೇ ಟ್ಯೂಬಿನ ರಬ್ಬರಿನಿಂದ ಟಾರ್ಚ್ ಕಟ್ಟಿದೆ. ನಾಳೆ ನೋಡೋಣ.

ನವೆಂಬರ್ 1, ಶನಿವಾರ

ಇಪ್ಪತ್ತೆಂಟು ನಿಮಿಷ! ಆರು ಕಿಲೋಮೀಟರಿಗೆ. ಕೆರೆ ಏರಿ ಮೇಲೆ ಉಸಿರು ಬಾಯಿಗೆ ಬಂತು, ಇಳಿಯಲಿಲ್ಲ. ಐದೂ ಐವತ್ತೆರಡಕ್ಕೆ ಸಂಘದ ಬಾಗಿಲಲ್ಲಿದ್ದೆ. ಅಧ್ಯಕ್ಷೆ ಇನ್ನೂ ಬೀಗ ತೆಗೆದಿರಲಿಲ್ಲ. ಸೈಕಲ್ ನೋಡಿದರು, ನನ್ನ ನೋಡಿದರು. "ಹೂಂ" ಅಂದರು. ಅಷ್ಟೇ.

ಬರುವಾಗ ಇಳಿಜಾರಿನಲ್ಲಿ ಕಾಲು ಎತ್ತಿ ಬಿಟ್ಟೆ. ಖುಷಿಗೆ ಕೂಗಬೇಕು ಅನ್ನಿಸಿತು. ಕೂಗಿದೆ ಕೂಡ. ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವರು ತಿರುಗಿ ನೋಡಿದರು.

ನವೆಂಬರ್ 12, ಬುಧವಾರ

ಅತ್ತೆ ಬಾಯಿ ಬಿಟ್ಟರು ಅಂತೂ.

"ಕಟಕಟ ಕಟಕಟ ಅಂತ ಬೀದಿ ಉದ್ದಕ್ಕೂ ಸದ್ದು ಮಾಡ್ಕೊಂಡು ಹೋಗ್ತೀಯಲ್ಲೇ. ಐದೂವರೆಗೆ ಸೊಸೆ ಮನೆ ಬಿಟ್ಟಳು ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ?"

"ಸೈಕಲ್ ಸದ್ದು ಅತ್ತೆ. ನಾನೇನು ಮಾಡ್ಲಿ?"

"ಎಣ್ಣೆ ಕಾಣದ ಕಬ್ಬಿಣ ಕೂಗುತ್ತೆ."

ವಾದ ಮಾಡಲಿಲ್ಲ. ನಾನು ಹೋದಾಗ ಹಸು ಹಾಲು ಕರೆಯೋರು ಅವರೇ. ಅದನ್ನ ಒಂದು ದಿನವೂ ಆಡಿ ತೋರಿಸಿಲ್ಲ. ಬೈಯಲಿ ಬಿಡು.

ನವೆಂಬರ್ 27, ಗುರುವಾರ

ಚಳಿ ಶುರು. ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಬಾಟಲಿ ಬೆಳಿಗ್ಗೆ ಬೆಳ್ಳಗೆ ಗಟ್ಟಿಯಾಗಿರುತ್ತೆ. ಒಲೆ ಪಕ್ಕ ಇಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡು ಹೊರಡೋದು. ಬಾಟಲಿ ಬೇಗ ಬೇಗ ಖಾಲಿ ಆಗ್ತಿದೆ. ಚನ್ನೇಶ್ ತಲೆಗೆ ಸುರ್ಕೋತಾರೆ ಅಂತ ಕಾಣುತ್ತೆ, ಇರೋ ನಾಲ್ಕು ಕೂದಲಿಗೆ.

ಸೈಕಲ್ ಈಗ ಸದ್ದೇ ಮಾಡಲ್ಲ. ಬೆಣ್ಣೆಯ ಹಾಗೆ ಹೋಗುತ್ತೆ. ಓಡಿ ಓಡಿ ಹದಕ್ಕೆ ಬಂತೇನೋ.

ಡಿಸೆಂಬರ್ 9, ಮಂಗಳವಾರ

ತಡ. ಮೊದಲನೇ ಸಲ.

ಮನೆ ಬಿಟ್ಟು ಅರ್ಧ ಕಿಲೋಮೀಟರ್. ತುಳಿದೆ — ಪೆಡಲ್ ಸುಮ್ಮನೆ ತಿರುಗಿತು. ಚೈನು ಬಿದ್ದಿಲ್ಲ. ತುಳಿಯೋದು ತುಳಿಯೋದೇ, ಸೈಕಲ್ಲಿಗೂ ನನಗೂ ಸಂಬಂಧವೇ ಇಲ್ಲದ ಹಾಗೆ. ಇಳಿದು ತಳ್ಳಿದೆ, ಓಡಿದೆ. ಮತ್ತೆ ಹತ್ತಿದೆ. ಒಂದು ಸಲ ಹಿಡೀತು, ಮತ್ತೆ ಜಾರಿತು. ಹಾಗೇ ದಾರಿ ಪೂರ್ತಿ. ಸಂಘ ಸೇರಿದಾಗ ಆರೂ ಇಪ್ಪತ್ತು. ಬಾಗಿಲಲ್ಲಿ ಸಾಲು. ಎಲ್ಲರ ಕೈಲೂ ಕ್ಯಾನು, ಎಲ್ಲರ ಕಣ್ಣೂ ನನ್ನ ಮೇಲೆ.

"ಒಂದು," ಅಂದರು ವೆಂಕಟಲಕ್ಷ್ಮಮ್ಮ.

ಡಿಸೆಂಬರ್ 10, ಬುಧವಾರ

ಮಧ್ಯಾಹ್ನ ಮಹಾಂತೇಶಣ್ಣನ ಹತ್ತಿರ. ಬಿಸಿಲಲ್ಲಿ ಹತ್ತಿ ಎರಡು ಸುತ್ತು ಹೊಡೆದರು. "ಏನೂ ಇಲ್ಲವಲ್ಲ ತಾಯಿ. ಚೆನ್ನಾಗೇ ಹಿಡೀತೈತೆ." ನಾನೂ ಹತ್ತಿ ನೋಡಿದೆ. ಹಿಡೀತು. ಮನೆವರೆಗೂ ಹಿಡೀತು. ನನಗೆ ಹುಚ್ಚು ಅಂದುಕೊಂಡರೋ ಏನೋ.

ಡಿಸೆಂಬರ್ 18, ಗುರುವಾರ

ಎರಡು.

ಇವತ್ತು ಪೂರಾ ಕೈ ಕೊಟ್ಟಿತು. ಕೆರೆ ಏರಿಯಿಂದ ಆಚೆಗೆ ಒಂದು ತುಳಿತವೂ ಹಿಡೀಲಿಲ್ಲ. ಸೇರಿದಾಗ ಏಳಾಗೋಕೆ ಹತ್ತು ನಿಮಿಷ. ಹದಿನೈದು ಮನೆ ಹಾಲು ನೋಡೋ ಅಷ್ಟರಲ್ಲಿ ಗಾಡಿ ಬಂತು. ಡ್ರೈವರ್ ಐದು ನಿಮಿಷ ಕಾದ, ಹೊರಟೇಬಿಟ್ಟ. ಮಿಕ್ಕವರು ಹಾಲು ವಾಪಸ್ ಹೊತ್ತುಕೊಂಡು ಹೋದರು. ಒಬ್ಬ ಅಜ್ಜಿ ಒಂದೂ ಮಾತು ಆಡದೆ ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ವೆಂಕಟಲಕ್ಷ್ಮಮ್ಮ ಜೋರು ಮಾಡಲಿಲ್ಲ. "ನಿನ್ನ ಕೆಲಸ ಚೆನ್ನಾಗೈತೆ ಪ್ರತಿಮಾ. ಆದ್ರೆ ಹಾಲು ಕಾಯಲ್ಲ. ಇನ್ನೊಂದೇ."

ಮನೆಗೆ ಬಂದು ಹಸುವಿನ ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ. ಜೋರಾಗೇ ಅತ್ತೆ. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಬಯಸಿದ್ದು ಆಯ್ತಲ್ಲ, ನೋಡಲಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಡಿಸೆಂಬರ್ 19, ಶುಕ್ರವಾರ. ಬೆಳಿಗ್ಗೆ 4:20

ಈಗಲೇ ಹೊರಡ್ತೀನಿ. ಸೈಕಲ್ ಹಿಡಿದರೆ ಹಿಡೀತು. ಇಲ್ಲದಿದ್ದರೆ ನಡೆಯೋದು. ಕಾಲಿಗೆ ಯಾವ ಫ್ರೀವೀಲೂ ಇಲ್ಲ.

ಡಿಸೆಂಬರ್ 26, ಶುಕ್ರವಾರ

ವಾರದಿಂದ ನಾಲ್ಕೂ ಇಪ್ಪತ್ತಕ್ಕೆ ಹೊರಡ್ತಿದೀನಿ. ಆರಕ್ಕೆ ಮುಂಚೆ ಒಂದು ದಿನವೂ ತಪ್ಪಿಲ್ಲ. ಹೆಚ್ಚಿನ ದಿನ ತಳ್ಳಿಕೊಂಡೇ. ವಾಪಸ್ ಒಂಬತ್ತು ಗಂಟೆ ಬಿಸಿಲಲ್ಲಿ ಹೊರಟರೆ ಸೊಗಸಾಗಿ ಓಡುತ್ತೆ. ಮೊನ್ನೆ ಮೋಡ ಹಾಕಿ ಸೆಕೆ ಇತ್ತಲ್ಲ, ಅವತ್ತು ಬೆಳಿಗ್ಗೆಯೂ ಓಡಿತು. ಚಳಿಗೆ ಕೆಡುತ್ತೆ, ಬಿಸಿಲಿಗೆ ಗುಣ. ಮನುಷ್ಯರಿಗೆ ಮಂಡಿ ನೋವು ಬರೋ ಹಾಗೆ.

ಹಾಗಾದರೆ ಮಧ್ಯಾಹ್ನ ತೋರಿಸಿದರೆ ಏನು ಉಪಯೋಗ? ಚಳಿಯಲ್ಲೇ ಬಿಚ್ಚಿಸಬೇಕು.

"ಮಾರ್ಬಿಡು ಅತ್ಲಾಗೆ," ಅಂದರು ಚನ್ನೇಶ್. ಕಾಲು ಊದಿರೋದು ನೋಡಿ ಬಿಸಿನೀರು ಕಾಯಿಸಿಕೊಟ್ಟವರೂ ಅವರೇ. ಬಿಸಿನೀರು ತಗೊಂಡೆ. ಮಾತು ತಗೊಳ್ಳಲಿಲ್ಲ.

ಅತ್ತೆ ತಲೆ ಯಾಕೋ ಕೆದರಿದೆ. ಎಣ್ಣೆ ಕಂಡು ಎಷ್ಟು ದಿನ ಆಯ್ತೋ. ಕೇಳಿದರೆ "ನೆಗಡಿ" ಅಂದರು.

ಡಿಸೆಂಬರ್ 29, ಸೋಮವಾರ

ಬರೆಯೋಕೆ ನಾಚಿಕೆ. ಆದರೂ ಬರೀತೀನಿ.

ನಿನ್ನೆ ಸಂಜೆಯೇ ಹಿಂದಿನ ಚಕ್ರ ಬಿಚ್ಚಿ ಮಹಾಂತೇಶಣ್ಣನ ಶಾಪಿನ ಜಗಲಿ ಮೇಲೆ ಇಟ್ಟು ಬಂದಿದ್ದೆ. ರಾತ್ರಿ ಇಡೀ ಅಲ್ಲೇ ಚಳಿ ಕುಡಿಯಲಿ, ಬೆಳಕು ಹರಿಯೋ ಮುಂಚೆ ಬಿಚ್ಚಿ ನೋಡಿ ಅಂತ. ಬೆಳಿಗ್ಗೆ ಸಂಘಕ್ಕೆ ನಡೆದು ಹೋದೆ. ಹಾಲು ಮುಗಿಸಿ ಬಸ್ಸಲ್ಲಿ ಹಳೇಬೀಡು. ಅಷ್ಟರಲ್ಲಿ ಫ್ರೀವೀಲು ಬಿಚ್ಚಿ ನೆರಳಲ್ಲಿಟ್ಟು ನನ್ನನ್ನೇ ಕಾಯ್ತಿದ್ದರು.

"ಯಾವ ಮಹಾತಾಯಿ ಇದಕ್ಕೆ ಕೊಬ್ರಿ ಎಣ್ಣೆ ಕುಡಿಸಿದ್ದು?"

ಒಳಗೆ ತುಂಬ ಮಾಸಲು ಬಿಳಿ ಮುದ್ದೆ. ಆ ಎರಡು ಹಲ್ಲು ಅದರಲ್ಲಿ ಹೂತು ಹೋಗಿ ಮೇಲೇಳೋಕೇ ಆಗದೆ ಮಲಗಿದ್ದವು. ಮೂಸಿದೆ. ನಮ್ಮ ಮನೆ ಗೂಡಿನ ವಾಸನೆ. ಅತ್ತೆಯ ತಲೆ ವಾಸನೆ.

ದಿನಾ ಬೆಳಿಗ್ಗೆ ಅದೇ ಬಾಟಲಿ ಒಲೆ ಪಕ್ಕ ಇಟ್ಟು ಕರಗಿಸಿದವಳು ನಾನು! ತೆಂಗಿನ ಕೆಳಗೇ ಹುಟ್ಟಿ, ತೆಂಗಿನ ಕೆಳಗೇ ಬೆಳೆದು, ಇಷ್ಟು ಹೊಳೀಲಿಲ್ಲ.

ಮನೆಗೆ ಬಂದವಳೇ ಕೂಗಾಡಿದೆ. "ನಾನು ಕೆಲಸಕ್ಕೆ ಹೋಗೋದು ಬೇಡ ಅಂದ್ರೆ ಬಾಯಲ್ಲಿ ಹೇಳಿ. ಹಿಂದಿನಿಂದ ಕತ್ತು ಕುಯ್ಯಬೇಡಿ" ಅಂದೆ. ಇನ್ನೂ ಏನೇನೋ ಅಂದೆ. ಒಂದು ಮಾತು ಇಲ್ಲಿ ಬರೆಯೋ ಹಾಗಿಲ್ಲ.

ಅತ್ತೆ ಕಂಬಕ್ಕೆ ಒರಗಿ ಕೂತರು.

"ಹೂಂ, ನಾನೇ ಬಿಟ್ಟೆ. ಮೊದಲು ಸದ್ದು ಅಡಗಲಿ ಅಂತ ಬಿಟ್ಟೆ, ಸುಳ್ಯಾಕೆ ಹೇಳ್ಲಿ. ಬೀದಿಯೋರ ಬಾಯಿಗೆ ಹೆದರ್ಕೊಂಡೆ. ಆಮೇಲೆ ನೀನು ಉಸ್ಸಪ್ಪಾ ಅಂತ ಬರೋದು ನೋಡಿ, ಹಗೂರಾಗಿ ಓಡ್ಲಿ ಅಂತ ದಿನಾ ಸಂಜೆ ಒಂದು ಮಿಳ್ಳೆ ಬಿಡ್ತಿದ್ದೆ. ನಮ್ಮ ಗಾಡಿಗೂ, ಬಾವಿ ರಾಟೆಗೂ, ಬಾಗಿಲ ಕೀಲಿಗೂ ಅದೇ ಎಣ್ಣೆ ಬಿಟ್ಟಿರೋದು ಕಣೇ. ನೀನು ಕೊಟ್ಟಿಗೇಲಿ ಕೂತು ಅಳ್ತಿದ್ಯಲ್ಲ, ಅವತ್ತು ಎರಡು ಮಿಳ್ಳೆ ಬಿಟ್ಟೆ."

ಅವರ ಕೆದರಿದ ತಲೆ ನೋಡಿದೆ.

"ನೀವು ತಲೆಗೆ ಹಚ್ಕೊಳ್ಳೋದು ಬಿಟ್ಟು?"

"ನನ್ನ ತಲೆ ಎಲ್ಲಿಗೆ ಓಡಬೇಕಾಗೈತೆ?"

ನಗು ಬಂತು. ಅಳುವೂ ಬಂತು. ಅವರ ಪಕ್ಕ ಕೂತೆ. ತಪ್ಪಾಯ್ತು ಅಂದೆ. ಅವರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಂಜೆ ಎಣ್ಣೆ ಕರಗಿಸಿ ಅವರ ತಲೆಗೆ ನಾನೇ ಹಚ್ಚಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ತಲೆ ಮುಟ್ಟಿದ್ದು.

ಡಿಸೆಂಬರ್ 30, ಮಂಗಳವಾರ

ಫ್ರೀವೀಲು ಸೀಮೆಎಣ್ಣೆಯಲ್ಲಿ ಮೂರು ಸಲ ಮುಳುಗಿಸಿ ತೊಳೆದೆವು. ಹೊಲಿಗೆ ಮಿಷನ್ನಿನ ಎಣ್ಣೆ ನಾಲ್ಕು ಹನಿ, ಅಷ್ಟೇ. ಆ ಎಣ್ಣೆ ಚಳಿಗೆ ಕಟ್ಟಲ್ಲವಂತೆ. ಟಿಕ್ ಟಿಕ್ ವಾಪಸ್ ಬಂತು.

ಅತ್ತೆ ತಾವೇ ಟೈಲರ್ ರಮಾ ಮನೆಗೆ ಹೋಗಿ ಮಿಷನ್ ಎಣ್ಣೆಯ ಚಿಕ್ಕ ಡಬ್ಬಿ ತಂದಿದ್ದಾರೆ. ಗೂಡಿನಲ್ಲಿ ಕೊಬ್ಬರಿ ಎಣ್ಣೆಯಿಂದ ಒಂದು ಮೊಳ ದೂರ ಇಟ್ಟಿದ್ದಾರೆ. ಮಡಿ ಮೈಲಿಗೆ!

ಜನವರಿ 9, ಶುಕ್ರವಾರ

ಈ ಚಳಿಗಾಲದಲ್ಲೇ ಇವತ್ತಿನಷ್ಟು ಚಳಿ ಇಲ್ಲ. ಸೈಕಲ್ ಹೂವಿನ ಹಾಗೆ ಹೋಗ್ತಿತ್ತು. ನಾಲ್ಕನೇ ಕಿಲೋಮೀಟರಿನಲ್ಲಿ — ಜಾಲಿ ಮುಳ್ಳು. ಟುಸ್.

ಇದೇ ಮೂರನೇ ಸಲ ಅಂದುಕೊಂಡೆ. ಸೈಕಲ್ ದಾರಿ ಬದಿಗೆ ಮಲಗಿಸಿದೆ. ಆಮೇಲೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡೆ. ಟೈರು ಬಿಡಿಸಿ, ಮುಳ್ಳು ಹುಡುಕಿ, ಉಜ್ಜಿ, ಪ್ಯಾಚು ಅಂಟಿಸಿ, ಪಂಪು ಹೊಡೆದೆ. ಮಹಾಂತೇಶಣ್ಣ ಕಲಿಸುವಾಗ "ನಿಂಗ್ಯಾಕೆ ತಾಯಿ ಇದೆಲ್ಲ" ಅಂದಿದ್ದರು. ಇದಕ್ಕೇ ಮಹಾಂತೇಶಣ್ಣ.

ಬೇಗ ಹೊರಡೋ ಅಭ್ಯಾಸ ಬಿಟ್ಟಿರಲಿಲ್ಲ. ಅದೇ ಉಳಿಸಿತು. ಐದೂ ಐವತ್ತೊಂಬತ್ತು. ಕೈ ಎರಡೂ ಕರಿ ಕರಿ. ವೆಂಕಟಲಕ್ಷ್ಮಮ್ಮ ಗಡಿಯಾರ ನೋಡಿದರು, ನನ್ನ ಕೈ ನೋಡಿದರು. ತಾವೇ ಚೊಂಬಲ್ಲಿ ನೀರು ಹಾಕಿ ಸೋಪು ಕೊಟ್ಟರು. "ಚೆನ್ನಾಗಿ ತೊಳ್ಕೊ. ಹಾಲು ಮುಟ್ಟೋ ಕೈ," ಅಂದರು.

ಜನವರಿ 31, ಶನಿವಾರ

ಹನ್ನೊಂದಕ್ಕೆ ಮೀಟಿಂಗ್. ಒಳಗೆ ಕರೆಯಲಿಲ್ಲ. ಹೊರಗೆ ಕ್ಯಾನು ತೊಳೆಯೋ ಕಲ್ಲಿನ ಮೇಲೆ ಒಂದು ಗಂಟೆ ಕೂತಿದ್ದೆ. ಎದುರು ಮನೆ ಬಾಗಿಲಲ್ಲಿ ಶಿಲ್ಪಾ. ಅವಳೂ ಕಾಯ್ತಿದ್ದಳು. ಪಾಪ, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬಿಟ್ಟುಕೊಡೋಕೂ ಇಷ್ಟವಿಲ್ಲ.

ವೆಂಕಟಲಕ್ಷ್ಮಮ್ಮ ಹೊರಗೆ ಬಂದರು. ಸೊಂಟದಿಂದ ಸಂಘದ ಬೀಗದ ಕೈ ತೆಗೆದರು. ಐದು ವರ್ಷದಿಂದ ಯಾರ ಕೈಗೂ ಕೊಟ್ಟಿಲ್ಲ ಅದನ್ನ.

"ನಾಳೆಯಿಂದ ಬಾಗಿಲು ನೀನೇ ತೆಗಿ. ನನಗೂ ವಯಸ್ಸಾಯ್ತು, ಚಳಿ ತಡೆಯಲ್ಲ. ಇಷ್ಟು ದಿನ ನಾನು ನೋಡ್ತಿದ್ದ ಸಂಜೆ ಹಾಲು ಶಿಲ್ಪಾ ನೋಡ್ಕೊಳ್ಳಲಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಆರು ಗಂಟೆ ಅಂದ್ರೆ—"

"ಆರು ಗಂಟೆ ಅಮ್ಮ."

ಮನೆಗೆ ಬಂದು ಬೀಗದ ಕೈ ಅತ್ತೆಯ ಕೈಗಿಟ್ಟೆ. ಅವರು ಅದನ್ನ ದೇವರ ಮುಂದಿಟ್ಟು, ವಿಭೂತಿ ಹಚ್ಚಿ ವಾಪಸ್ ಕೊಟ್ಟರು. ಸಂಜೆ ಪಕ್ಕದ ಮನೆಯಾಕೆ ಬಂದು "ನಿಮ್ ಸೊಸೆ ಸೈಕಲ್ ಸದ್ದಿಗೆ ನಮ್ಗೆಲ್ಲ ಎಚ್ಚರ ಆಗುತ್ತೆ ಕಣಮ್ಮ" ಅಂತ ಎಳೆದಳು. ನಾನು ಒಳಗಿಂದ ಕಿವಿಗೊಟ್ಟೆ. "ಆಗ್ಲಿ ಬಿಡು. ಎದ್ದು ನೀನೂ ಏನಾದ್ರೂ ಕೆಲಸ ನೋಡು," ಅಂದರು ಅತ್ತೆ.

ಫೆಬ್ರವರಿ 1, ಭಾನುವಾರ. ಬೆಳಿಗ್ಗೆ 5:05

ಇನ್ನೂ ಕತ್ತಲೆ. ಬಾಟಲಿ ಎಣ್ಣೆ ಕಲ್ಲಾಗಿದೆ. ಒಲೆ ಪಕ್ಕ ಇಟ್ಟಿದೀನಿ, ಕರಗೋವರೆಗೂ ನಾಲ್ಕು ಸಾಲು ಬರೆಯೋಣ ಅಂತ. ಬೀಗದ ಕೈ ಚೂಡಿದಾರದ ಜೇಬಿನಲ್ಲಿ. ಮೂರು ಸಲ ಮುಟ್ಟಿ ನೋಡಿಕೊಂಡೆ. ಇವತ್ತು ನನಗಾಗಿ ಯಾರೂ ಬಾಗಿಲು ತೆಗೆದು ಕಾಯಲ್ಲ. ನಾನೇ ಮೊದಲು.

ಹೊರಗೆ ಅತ್ತೆ ಎದ್ದಿದ್ದಾರೆ. ಹಸುವಿನ ಹತ್ತಿರ ಹೋಗಿಲ್ಲ ಇನ್ನೂ. ಸೈಕಲ್ಲಿನ ಹಿಂಭಾಗ ಎತ್ತಿ ಹಿಡಿದು ಚಕ್ರ ತಿರುಗಿಸ್ತಿದಾರೆ, ಈಗ ದಿನಾ ಇದೇ. ಟಿಕ್ ಟಿಕ್ ಇಲ್ಲಿವರೆಗೂ ಕೇಳಿಸ್ತಿದೆ.

"ಸದ್ದು ಐತೆ ಕಣೇ, ಹೊರಡು!"

ಬಂದೆ ಅತ್ತೆ, ಇನ್ನೊಂದೇ ಸಾ—